ತುಂಬುತೋಳಿನ ಕೋಟು

ನನ್ನ ಮಗ ದರ್ಜಿ. ಮೊಮ್ಮಗ ಅವನ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹಾಕುತ್ತಿದ್ದ. ಬೆಳಿಗ್ಗೆ ನನ್ನ ಪ್ರಾರ್ಥನೆ ಮುಗಿಯುವುದನ್ನೇ ಕಾದಿದ್ದು ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ. "ಅಜ್ಜೀ, ನಿನ್ನ ಕನ್ನಡಕ ದೇವರನ್ನ ನೋಡೋಕೆ ಮಾತ್ರ ಸರಿ" ಎಂದು ನಗುತ್ತಿದ್ದ.

ಬರಬರುತ್ತಾ ಅವನಿಗೇ ಸೂಜಿಯ ಕಣ್ಣು ಸಿಗದಾಯಿತು. ಉರಿಸೆಕೆಯಲ್ಲೂ ತುಂಬುತೋಳಿನ ಅಂಗಿ. ಬಚ್ಚಲಿಗೆ ಹೋದರೆ ಚಿಲಕ ತೆಗೆಯುತ್ತಿರಲಿಲ್ಲ. ಒಂದು ದಿನ ಹೊಲಿಗೆ ಯಂತ್ರದ ಹಿಂದೆ ಸಿರಿಂಜು ಸಿಕ್ಕಿತು. ಹೆರಾಯಿನ್.

"ಮದುವೆ ಮಾಡಿದ್ರೆ ತಾನಾಗೇ ದಾರಿಗೆ ಬರ್ತಾನೆ" ಎಂದ ಮಗ.

"ಅದು ಕಾಯಿಲೆ ಕಣೋ. ಯಾರದೋ ಮನೆ ಹೆಣ್ಣುಮಗಳೇನು ಮದ್ದಾ?"

ನನ್ನ ಕಾಟ ತಾಳಲಾರದೆ ಮಗ ಅವನನ್ನು ಆಸ್ಪತ್ರೆಗೆ ಸೇರಿಸಿದ. ಮೊಮ್ಮಗ ನಾಲ್ಕು ತುತ್ತು ಉಣ್ಣುವಂತಾದ. ಅಷ್ಟರಲ್ಲೇ ಸಂಬಂಧವೊಂದು ಕೂಡಿಬಂತು. ಮಗ ಅವನನ್ನು ಕರೆತರಲು ಹೋದಾಗ ವೈದ್ಯೆ ಅಡ್ಡ ನಿಂತರು: "ಬಿಟ್ಟ ಮೇಲೆ ದೇಹಕ್ಕೆ ಮೊದಲಿನ ತಾಳಿಕೆ ಇರೋದಿಲ್ಲ. ಮತ್ತೆ ಅಷ್ಟೇ ತಗೊಂಡ್ರೆ ಉಸಿರೇ ನಿಂತುಹೋಗುತ್ತೆ. ಚಿಕಿತ್ಸೆ ಮುಗೀಲಿ."

"ಇಲ್ಲಿದಾನೆ ಅಂತ ಗೊತ್ತಾದ್ರೆ ಯಾರು ಹೆಣ್ಣು ಕೊಡ್ತಾರೆ?" ಎಂದು ಮಗ ಅವನನ್ನು ಮನೆಗೆ ಕರೆತಂದೇಬಿಟ್ಟ.

ಮದುವೆಯ ಕೋಟನ್ನು ಮಗ ತಾನೇ ಹೊಲಿದ. ಅಳತೆ ನೋಡಲು ಅದನ್ನು ತೊಡಿಸಿದಾಗ ಮೊಮ್ಮಗ ನನ್ನ ಕಿವಿಯಲ್ಲಿ, "ಅಜ್ಜೀ, ನಂಗೆ ಭಯ ಆಗುತ್ತೆ. ವಾಪಸ್ ಆಸ್ಪತ್ರೆಗೆ ಕಳಿಸು ಅನ್ನು ಅಪ್ಪಂಗೆ" ಎಂದ. ನಾನು ಕೈಮುಗಿದು ಹೇಳಿದೆ.

"ಅಮ್ಮಾ, ನೀನು ಪ್ರಾರ್ಥನೆ ಮಾಡ್ಕೊಂಡಿರು. ಸಂಸಾರ ನಾನು ನೋಡ್ಕೋತೀನಿ."

ಹೆಣ್ಣಿನವರು ಮಾತು ಮುಗಿಸಿ ಹೋದ ಸಂಜೆಯೇ ಬಚ್ಚಲ ಬಾಗಿಲು ಒಡೆಯಬೇಕಾಯಿತು. ತುಟಿ ನೀಲಿಗಟ್ಟಿತ್ತು. ವೈದ್ಯೆ ಹೇಳಿದಂತೆಯೇ ಆಗಿತ್ತು.

"ಎದೆನೋವು ಅಂತ ಹೇಳಿ ಎಲ್ಲರಿಗೂ" ಎಂದು ಮಗ ಹೆಣಕ್ಕೆ ಆ ಕೋಟು ತೊಡಿಸಿದ. ತೋಳು ಮಣಿಕಟ್ಟಿನವರೆಗೂ ಮುಚ್ಚಿತು. ಅಳತೆ ಎಲ್ಲೂ ತಪ್ಪಿರಲಿಲ್ಲ. ಹೆಣ್ಣಿನ ತಂದೆ ಬಂದು ಕಣ್ಣೊರೆಸಿಕೊಳ್ಳುತ್ತಾ ನಿಂತರು. ನಾನು ಕುಳಿತಲ್ಲಿಂದ ಎದ್ದು ಕೋಟಿನ ತೋಳನ್ನು ಮೇಲಕ್ಕೆ ಸರಿಸಿದೆ. ಸೂಜಿ ಚುಚ್ಚಿದ ಕಲೆಗಳು ಕಂಡವು.

"ಅಮ್ಮಾ! ಮನೆ ಮರ್ಯಾದೆ ತೆಗೀಬೇಡ!"

"ಮರ್ಯಾದೇನ ಬಚ್ಚಲಲ್ಲಿಟ್ಟು ಚಿಲಕ ಹಾಕಿದ್ವಲ್ಲೋ, ಮಗು ಅಲ್ಲೇ ಸತ್ತ. ನೋಡಿ ಎಲ್ಲರೂ. ಇದು ಎದೆನೋವಲ್ಲ, ಹೆರಾಯಿನ್."

ಅಂದಿನಿಂದ ಮಗ ನನ್ನೊಡನೆ ಮಾತಾಡಿಲ್ಲ. ದಾರವಿಲ್ಲದ ಸೂಜಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಕೊಂಡೇ ಇದೆ. ದೇವರೊಡನೆ ಮಾತಾಡುತ್ತೇನೆ, ಅವನೂ ಸುಮ್ಮನಿದ್ದಾನೆ.

ನಿನ್ನೆ ಹಿತ್ತಲ ಬಾಗಿಲು ಮೆಲ್ಲಗೆ ಸದ್ದಾಯಿತು. ಎದುರುಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಅಜ್ಜೀ... ಆ ಆಸ್ಪತ್ರೆ ಎಲ್ಲಿದೆ? ನನ್ನ ಮಗನೂ ತುಂಬುತೋಳು ಹಾಕ್ತಿದಾನೆ."

ಚಪ್ಪಲಿ ಮೆಟ್ಟಿದೆ. "ಹಿತ್ತಲಿಂದ ಬೇಡ ತಾಯಿ, ಅವನನ್ನೂ ಕರಕೊಂಡು ಬಾ" ಎಂದು ಬೀದಿಬಾಗಿಲು ತೆರೆದೆ.