ಹಾಯಿಯ ಆಚೆ

"ಕಂಬದ ತುದೀಗಿ ಗಾಲಿ ಯಾಕ ಕಟ್ಟತಿ?" ಕೆರೆಯ ದಂಡೆಯಲ್ಲಿ ಕುಳಿತಿದ್ದ ಅತ್ತಿಗೆ ಹುಲಿಗೆವ್ವ ಕೇಳಿದಳು.

"ಹಗ್ಗ ಸರಾಗ ಓಡಬೇಕಲ್ಲ ವೈನಿ. ಹಾಯಿ ಒಮ್ಮಿಗೇ ಏರಬೇಕು, ಒಮ್ಮಿಗೇ ಇಳೀಬೇಕು," ಎಂದ ಮರೆಪ್ಪ, ಕೈಯ ಕೆಲಸದಿಂದ ಕಣ್ಣು ತೆಗೆಯದೆ.

ಮಮದಾಪುರದ ಕೆರೆಯಲ್ಲಿ ಹಾಯಿ ಬಿಚ್ಚಿದವರನ್ನು ಯಾರೂ ಕಂಡಿರಲಿಲ್ಲ. ದೋಣಿ ಮೀನು ಹಿಡಿಯುವ ಮಶಾಕಸಾಬನದು, ಕಂಬ ಬಿದಿರಿನದು. ಹಾಯಿ ಮಾತ್ರ ಮುಂಬಯಿಯದು. ಮರೆಪ್ಪನೂ ಅವನ ಅಣ್ಣ ಪರಸಪ್ಪನೂ ಅಲ್ಲಿ ಒಬ್ಬ ಪಾರ್ಸಿ ಸಾವುಕಾರನ ಹಾಯಿದೋಣಿಯಲ್ಲಿ ಖಲಾಸಿಗಳಾಗಿದ್ದರು. ಎಪ್ಪತ್ತಮೂರರ ಚಳಿಗಾಲದಲ್ಲಿ ಒಂದು ದಿನ, ಬೆನ್ನಗಾಳಿಗೆ ಈ ಹಾಯಿ ಬಿಚ್ಚಲು ಪರಸಪ್ಪ ದೋಣಿಯ ಮೂತಿಗೆ ಹೋದ. ಸೆರಗಿನಷ್ಟು ಹಗುರಾದ ಬಟ್ಟೆ ಉಬ್ಬಿ ನಿಂತಿತು. ಅದರಾಚೆಯಿಂದ "ಬಿಡೋ!" ಎಂದು ಕೂಗಿದ್ದು ಚುಕ್ಕಾಣಿ ಹಿಡಿದಿದ್ದ ಮರೆಪ್ಪನಿಗೆ ಕೇಳಿಸಿತು. ಹಗ್ಗ ಬಿಟ್ಟ. ಹಾಯಿ ಕುಸಿದಾಗ ಮುಂದೆ ಯಾರೂ ಇರಲಿಲ್ಲ. ಹೆಣವೂ ಸಿಗಲಿಲ್ಲ. ಸಾವುಕಾರ ಆ ಹಾಯಿಯನ್ನು ಮತ್ತೆ ಮುಟ್ಟಲೊಲ್ಲದೆ ಹೋದಾಗ, ಮರೆಪ್ಪ ಅದನ್ನು ಗಂಟು ಕಟ್ಟಿ ತಮ್ಮೂರು ಬಬಲೇಶ್ವರಕ್ಕೆ ತಂದ.

ಅತ್ತಿಗೆ ಅಳಲಿಲ್ಲ. ಬಳೆ ಒಡೆಯಲು ಬಂದ ಹೆಂಗಸರನ್ನು ಬಾಗಿಲಲ್ಲೇ ತಿರುಗಿ ಕಳಿಸಿದಳು. ಆಷಾಢದ ಗಾಳಿ ಎದ್ದ ಮೇಲೆ ಒಂದೇ ಮಾತು ಹಿಡಿದಳು: "ನಿಮ್ಮಣ್ಣ ಹೆಂಗ ಹೋದ್ರು ಅಂತ ನನಗ ತೋರಿಸು."

ಮರೆಪ್ಪ ಕಂಬ ನಿಲ್ಲಿಸಿದ. ಮುಂದಕ್ಕೆ ಬಾಗದಂತೆ ಎರಡು ಹಗ್ಗ ಹಿಂದಕ್ಕೆ ಜಗ್ಗಿ ಬಿಗಿದ. ಹಾಯಿಯ ಒಂದು ಕೆಳಮೂಲೆಯನ್ನು ಉದ್ದನೆಯ ಗಳುವಿಗೆ ಸಿಕ್ಕಿಸಿ ಹೊರಕ್ಕೆ ಚಾಚಿದ. ಎರಡೂ ಕೆಳಮೂಲೆಗಳ ಹಗ್ಗಗಳನ್ನು ದೋಣಿಯ ಹೊರಬದಿಯಿಂದ ಹಿಂದಕ್ಕೆ ತಂದ. ಕೈಗಳು ತಮ್ಮಷ್ಟಕ್ಕೆ ತಾವೇ ಗಂಟು ಹಾಕುತ್ತಿದ್ದವು. ಅವು ತನ್ನವಲ್ಲ, ಅಣ್ಣ ಹಾಕುತ್ತಿದ್ದ ಗಂಟುಗಳು ಎಂಬುದು ಹಾಕಿಯಾದ ಮೇಲೆ ಅವನಿಗೆ ತಿಳಿಯಿತು.

ಇಬ್ಬರೂ ದೋಣಿ ಹತ್ತಿದರು. ಪಡುವಣ ಗಾಳಿ ಹಿಡಿದೊಡನೆ ಹಾಯಿ ಫಟ್ಟೆಂದು ತುಂಬಿತು. ದೋಣಿ ಮುಂದಕ್ಕೆ ಜಿಗಿಯಿತು. ಏರಿ, ಜಾಲಿಗಿಡ ಎಲ್ಲ ಮರೆಯಾಗಿ ಎದುರಿಗೆ ಬರೀ ಬಿಳುಪು.

"ಆಚೀಕ ಏನೂ ಕಾಣಾಂಗಿಲ್ಲಲ್ಲೋ," ಎಂದಳು ಹುಲಿಗೆವ್ವ.

"ಅವತ್ತೂ ಕಾಣಲಿಲ್ಲ ವೈನಿ."

ಅವಳು ಕಿವಿಗೊಟ್ಟು ಕೂತಳು. "ಅಲ್ಲೇ ಅದಾರ."

"ಗಾಳಿ ಅದು."

"ಗಾಳಿ ಕೆಮ್ಮತೈತೇನು?"

ಮರೆಪ್ಪನಿಗೂ ಕೇಳಿಸಿತ್ತು. ಅಣ್ಣನದೇ ತಂಬಾಕಿನ ಒಣಕೆಮ್ಮು. ಅವನು ಬೇಡವೆನ್ನುವಷ್ಟರಲ್ಲಿ ಹುಲಿಗೆವ್ವ ಸೀರೆ ಎತ್ತಿ ಸಿಕ್ಕಿಸಿ, ದೋಣಿಯ ಅಂಚು ಹಿಡಿದು, ಹಾಯಿಯ ಕೆಳಗೆ ನುಸುಳಿ ಆಚೆ ಹೋದಳು.

"ವೈನೀ!"

ಸ್ವಲ್ಪ ಹೊತ್ತಿಗೆ ಅವಳು ಮಾತಾಡುವುದು ಕೇಳಿಸಿತು, ತಗ್ಗಿದ ದನಿಯಲ್ಲಿ, ಒಲೆಯ ಮುಂದೆ ಕೂತು ಮಾತಾಡಿದ ಹಾಗೆ. ನಡುನಡುವೆ ಸುಮ್ಮನಾಗಿ, ಆಮೇಲೆ ಹೂಂಗುಟ್ಟುತ್ತಿದ್ದಳು. ಹಗ್ಗ ಬಿಡಲೆಂದು ಮರೆಪ್ಪನ ಬೆರಳು ಸಡಿಲಾದವು. ಬಿಟ್ಟರೆ ಹಾಯಿ ಕುಸಿಯುತ್ತದೆ. ಕುಸಿದಾಗ ಅಲ್ಲಿ ಯಾರೂ ಇಲ್ಲದಿದ್ದರೆ? ಅವನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಬಗ್ಗಿ ನೋಡಿದ.

ಹಾಯಿಯ ಕೆಳಗಿನ ಅಂಚು ಗೇಣುದ್ದ ಮೇಲೆದ್ದಾಗ ಅವಳ ಪಾದಗಳು ಕಂಡವು. ಅವುಗಳಿಂದ ಕಣ್ಣು ಕೀಳದೆ, ಎದುರಿನ ದಾರಿ ಕಾಣದೆ, ಅವನು ದೋಣಿ ನಡೆಸಿದ. ತಳ ಆಚೆ ದಂಡೆಯ ಕೆಸರಿಗೆ ತಾಗಿ ನಿಂತಾಗಲೂ ಅವು ಅಲ್ಲೇ ಇದ್ದವು, ಒದ್ದೆ ಹಲಗೆಯ ಒಂದು ಬದಿಗೆ ಸರಿದು, ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.