ಕಾಗದದ ಮೇಲೆ ಕೈ

ಬೈಂದೂರಿನ ಆ ಕಚೇರಿಯಲ್ಲಿ ದಿನಾ ಬೆಳಿಗ್ಗೆ ಸರಸ ಮಾಡಬೇಕಾದ ಮೊದಲ ಕೆಲಸ, ತನ್ನ ಮೇಜಿನ ಪಕ್ಕದಲ್ಲಿ ತಾನೇ ಊದುಬತ್ತಿ ಹಚ್ಚುವುದು. ದೇವರ ಪಟ ಅಲ್ಲಿರಲಿಲ್ಲ. ಊದುಬತ್ತಿ ಅವಳಿಗಾಗಿಯೇ. ಉಪ್ಪುಂದದಲ್ಲಿ ಮೀನು ಮಾರುವ ಪದ್ದುವಿನ ಮಗಳಾದ ಅವಳ ಮೈಯಿಂದ ಬರುವ ಮೀನಿನ ವಾಸನೆ ಬಂದುಹೋಗುವವರಿಗೆ ಹೊಡೆಯಬಾರದೆಂದು ಕಚೇರಿ ಮುಖ್ಯಸ್ಥ ಪ್ರೇಮಾನಂದ ಸಾಹೇಬರು ಮಾಡಿದ ಏರ್ಪಾಡು. ಶನಿವಾರ ಶನಿವಾರ ಬ್ರಹ್ಮಾವರದ ತಮ್ಮ ಮನೆಗೆ ಅಂಜಲ್ ಮೀನು ತರಿಸಿಕೊಳ್ಳುತ್ತಿದ್ದುದು ಮಾತ್ರ ಅದೇ ಪದ್ದುವಿನ ಬುಟ್ಟಿಯಿಂದ, ಅದೇ ಸರಸಳ ಕೈಯಲ್ಲಿ.

ಹದಿನಾಲ್ಕು ವರ್ಷ ಅವಳು ಜವಾನಿಕೆ ಮಾಡಿದ್ದಳು. ಹೆಸರಿಗೆ ಜವಾನಿಕೆ, ಮಾಡುತ್ತಿದ್ದುದು ಗುಮಾಸ್ತರ ಕೆಲಸ. ಬಂದ ಅರ್ಜಿಗಳನ್ನು ಆವಕ ವಹಿಯಲ್ಲಿ ಬರೆಯುವುದು, ತಂದವರ ನಕಲಿಗೆ ತಾರೀಖಿನ ಸೀಲು ಹೊಡೆಯುವುದು, ಮಧ್ಯಾಹ್ನ ಟಪಾಲು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿ ಕುಂದಾಪುರದ ಮೇಲ್ಕಚೇರಿಗೆ ಮುಟ್ಟಿಸುವುದು. ಗುಮಾಸ್ತರ ಹುದ್ದೆಯೊಂದು ಖಾಲಿಯಾದಾಗ ಸರದಿ ಅವಳದ್ದೇ ಆಗಿತ್ತು. ಸಿಕ್ಕಿದ್ದು ಸೇವೆಯಲ್ಲಿ ಅವಳಿಗಿಂತ ಐದು ವರ್ಷ ಕಿರಿಯಳಾದ ಪ್ರಭಾವತಿಗೆ. ಸರಸ ಭೇದಭಾವದ ದೂರು ಕೊಟ್ಟಳು. ವಿಚಾರಣೆ ನಡೆಸಿದವರು ಯಾರು? ಊದುಬತ್ತಿ ಹಚ್ಚಿಸಿದವರೇ. ೨೦೦೩ರ ಜೂನ್ ಒಂಬತ್ತರಂದು ಆದೇಶ ಬಂತು: ‘ಭೇದಭಾವ ಕಂಡುಬಂದಿಲ್ಲ. ಸಾರ್ವಜನಿಕರೊಂದಿಗೆ ವ್ಯವಹರಿಸುವ ಹುದ್ದೆಗೆ ಅಗತ್ಯವಾದ ಶುಚಿತ್ವ ಸದರಿ ನೌಕರಳಲ್ಲಿ ಇಲ್ಲ.’

ಅವಳು ಅದನ್ನು ಮೂರು ಸಲ ಓದಿದಳು. ಸಮುದ್ರದ ನೀರು ಕುಡಿದಂತಾಯಿತು.

ಈ ಆದೇಶದ ಮೇಲೆ ಮೂರು ತಿಂಗಳೊಳಗೆ ಕುಂದಾಪುರದ ಮೇಲಧಿಕಾರಿಗೆ ಮೇಲ್ಮನವಿ ಹೋಗಬಹುದು. ಆದರೆ ನೌಕರರ ಮನವಿ ನೇರವಾಗಿ ಹೋಗುವಂತಿಲ್ಲ, ಕಚೇರಿ ಮುಖ್ಯಸ್ಥರ ಮೂಲಕವೇ ಹೋಗಬೇಕು. ಕಚ್ಚಿದವನ ಕೈಗೇ ಗಾಯದ ಚೀಟಿ ಕೊಟ್ಟು ಆಸ್ಪತ್ರೆಗೆ ಮುಟ್ಟಿಸಿ ಎನ್ನುವ ನಿಯಮ ಇದು. ಜುಲೈ ಎರಡರಂದು ಸರಸ ನಾಲ್ಕು ಹಾಳೆಯ ಮನವಿಯನ್ನು ಸಾಹೇಬರ ಮೇಜಿನ ಮೇಲಿಟ್ಟಳು.

“ಇಡಿ ಅಲ್ಲಿ,” ಎಂದರು ಅವರು, ತಲೆ ಎತ್ತದೆ. “ನಿಮ್ಮ ಹಕ್ಕು ನೀವು ಕೇಳ್ತ್ರಿ, ನಂಗೆ ಬೇಜಾರಿಲ್ಲ. ನಾಳೆ ಟಪಾಲಿಗೆ ಹಾಕ್ತೆ.”

ಆ ಮಾತು ಎಷ್ಟು ಮೆತ್ತಗಿತ್ತೆಂದರೆ ಅವಳ ಕಣ್ಣು ತುಂಬಿಬಂತು.

ಅಂದು ಸಂಜೆ ಪದ್ದು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಾ ಕೇಳಿದಳು, “ನಕಲಿಗೆ ಸೀಲ್ ಹಾಕ್ಸ್ಕಂಡ್ಯಾ, ಹೆಣೆ?”

“ಸೀಲ್ ನನ್ನ ಡ್ರಾಯರಂಗೇ ಇಪ್ಪುದಬ್ಬೀ. ನನ್ನರ್ಜಿನ ನಾನೇ ವಹಿಯಂಗ್ ಬರ್ಕಂಡ್ ಸೀಲ್ ಹೊಡ್ಕಂಡ್ರೆ ಕಳ್ಳಾಟ ಆತಿಲ್ಯಾ?”

“ಹಾಂಗಾರೆ ಅವ್ರತ್ರ ಕೇಂಬುದಲ್ದಾ?”

“ಸಾಹೇಬ್ರತ್ರ ಹ್ಯಾಂಗ್ ಕೇಂಬುದು? ನಿಮ್ ಮೇಲ್ ನಂಬಿಕಿ ಇಲ್ಲ ಅಂದಂಗ್ ಆತ್ತ್.”

ಪದ್ದು ಬುಟ್ಟಿಯನ್ನು ಕವುಚಿ ಹಾಕಿದಳು. “ಹದಿನಾಕ್ ವರ್ಷ ಊರವ್ರಿಗೆಲ್ಲ ಸೀಲ್ ಹೊಡ್ದ್ ಕೊಟ್ಟಳ್ ನೀನ್! ದೋಣಿ ಬಪ್ಪು ದಕ್ಕೆಯಂಗೆ ಮೀನ್ ಹರಾಜಿಗೆ ನಿಂತ್ರೆ ನಾವ್ ಹಿಡ್ದ್ ಬುಟ್ಟಿಯಿಂದ ಕೈ ತೆಗಿತ್ತಿಲ್ಲೆ. ತೆಗುದ್ರೆ ಅದ್ ಇನ್ನೊಬ್ಳದ್ದ್. ಓದ್ದಳಿಗೆ ಇಷ್ಟೂ ಗೊತ್ತಿಲ್ಯಾ ಮಾರಾಯ್ತಿ?”

ಅರ್ಜಿ ತಂದ ಮುದುಕಿಯರನ್ನು ಬಾಗಿಲಿಂದ ವಾಪಸ್ ಕರೆದು, “ನಕಲಿಗೆ ಸೀಲ್ ಇಲ್ದೆ ಹೋಪುಕಾಗ” ಎಂದು ಗದರಿಸುತ್ತಿದ್ದವಳು ಇದೇ ಸರಸ. ತನ್ನ ಸರದಿ ಬಂದಾಗ ನಾಚಿಕೆ ಅಡ್ಡ ನಿಂತಿತು. ಮೇಲಿನವರ ಎದುರು ನಾಚುವುದನ್ನು ನಮಗೆ ಸಭ್ಯತೆ ಎಂದು ಕಲಿಸಿದವರು ಯಾರೋ, ಅದರ ಲಾಭ ಉಂಡವರೂ ಅವರೇ.

ಆಮೇಲೆ ದಿನವೂ ಅವಳು ಟಪಾಲು ಚೀಲವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂರುತ್ತಿದ್ದಳು. ಅಂಟು ಹಾಕಿದ ಲಕೋಟೆಗಳಲ್ಲೊಂದು ತನ್ನದು, ಅದನ್ನು ತಾನೇ ಮುಟ್ಟಿಸಿದ್ದೇನೆ ಎಂಬ ಧೈರ್ಯ. ಮೇಲ್ಕಚೇರಿಯಲ್ಲಿ ಟಪಾಲು ತೆಗೆದುಕೊಳ್ಳುವ ಮುದುಕ ಚಂದಯ್ಯನನ್ನು, ತನ್ನ ಮನವಿ ಬಂತೇ ಎಂದು ಒಮ್ಮೆ ಕೇಳಿಯೂ ಕೇಳಿದಳು.

“ಹ್ವಾಯ್ ಸರಸಕ್ಕ, ಲಕೋಟಿ ಒಳ್ಗೆ ಹೋಯಿ ಒಡಿತ್ರ್. ಎಂತ ಇತ್ತ್ ಅಂದೇಳಿ ನಂಗ್ ಹ್ಯಾಂಗ್ ಗೊತ್ತಾತ್ತ್? ಉತ್ರ ಬಪ್ಪುಕೆ ಆರ್ ತಿಂಗ್ಳ್ ಬೇಕ್. ಸರ್ಕಾರ ಅಂದ್ರೆ ನಿಮ್ ಮತ್ತಿ ಮೀನಾ, ಹೊತ್ತೋಪುದ್ರೊಳ್ಗೆ ಹಾಳಾಪುಕೆ?” ಎಂದು ನಕ್ಕ.

ಅವಳೂ ನಕ್ಕಳು.

ನವೆಂಬರ್ ಹದಿನೇಳರಂದು ಮೇಲ್ಕಚೇರಿಯ ಹಿಂಬರಹ ಬಂತು. ಅದನ್ನೂ ಅವಳೇ ಚೀಲದಲ್ಲಿ ಹೊತ್ತು ತಂದಳು. ‘ಮೇಲ್ಮನವಿಯು ಅವಧಿ ಮೀರಿ ಸಲ್ಲಿಕೆಯಾಗಿರುವುದರಿಂದ ಪರಿಶೀಲಿಸದೆ ತಿರಸ್ಕರಿಸಲಾಗಿದೆ.’ ಅವಳ ನಾಲ್ಕು ಹಾಳೆಯನ್ನು ಒಬ್ಬರೂ ಓದಿರಲಿಲ್ಲ.

ಮರುದಿನ ಚಂದಯ್ಯ ಹಿಂಬರಹದಲ್ಲಿದ್ದ ಪತ್ರದ ಸಂಖ್ಯೆ ಹಿಡಿದು ಮುದ್ದಾಂ ಪುಸ್ತಕ ಬಿಡಿಸಿದ. ಕೈಯಾರೆ ತಂದುಕೊಟ್ಟ ಲಕೋಟೆಗಳ ಲೆಕ್ಕ ಅದರಲ್ಲಿತ್ತು. ಈ ಸಲ ಅವನು ನಗಲಿಲ್ಲ.

“ಇಲ್ಕಾಣಿ ಸರಸಕ್ಕ. ಸೆಪ್ಟೆಂಬರ್ ಇಪ್ಪತ್ನಾಕು. ಗಡು ಮುಗ್ದ್ ಹದಿನೈದ್ ದಿನ ಆಯಿತ್ತ್. ತಂದದ್ದ್ ನೀವೇ, ಸೈನೂ ನಿಮ್ದೇ.”

ಸಾಹೇಬರು ಮನವಿಯನ್ನು ಹರಿದಿರಲಿಲ್ಲ, ಕಳೆದಿರಲಿಲ್ಲ. ಡ್ರಾಯರಿನಲ್ಲಿಟ್ಟು ಅದು ಸಾಯುವವರೆಗೆ ಕಾದು, ಹೆಣವನ್ನು ಅವಳ ಹೆಗಲ ಮೇಲೆಯೇ ಸಾಗಿಸಿದ್ದರು. ಜುಲೈಯಲ್ಲಿ ಕೊಟ್ಟೆನೆಂಬುದಕ್ಕೆ ಅವಳ ಕೈಯಲ್ಲಿ ಒಂದು ಚೂರು ಕಾಗದವಿಲ್ಲ.

“ಜಿಲ್ಲಾ ಅಧಿಕಾರಿಗೆ ಇನ್ನೊಂದ್ ಅರ್ಜಿ ಇತ್ತಲ್ದಾ? ನಾನೇ ನೇರ ಅಂಚಿ ಡಬ್ಬಿಗೆ ಹಾಕ್ತೆ,” ಎಂದಳು ಸರಸ.

“ಅದ್ಕೂ ನಿನ್ನೆಯಿಂದ ಮೂರೇ ತಿಂಗ್ಳ್. ಅಂಚಿಗೆ ಹಾಕಿರೆ ‘ಮುಖ್ಯಸ್ಥರ ಮೂಲಕ ಬನ್ನಿ’ ಅಂದ್ ತಿರ್ಗಿ ಕಳ್ಸ್ತ್ರ್,” ಎಂದ ಚಂದಯ್ಯ. “ಮತ್ತ್ ಅವ್ರ್ ಮೇಜಿಗೇ ಹೋಯ್ಕ್.”

ಎರಡು ದಿನ ಬಿಟ್ಟು, ಮಧ್ಯಾಹ್ನ ಒಂದೂವರೆಗೆ, ಸರಸ ಸಾಹೇಬರ ಕೋಣೆಗೆ ಹೋದಳು. ಹೊಸ ಅರ್ಜಿಯನ್ನೂ ಅದರ ನಕಲನ್ನೂ ಮೇಜಿನ ಮೇಲಿಟ್ಟಳು. ತನ್ನ ಡ್ರಾಯರಿನಿಂದ ತಂದ ಸೀಲನ್ನು ಪಕ್ಕದಲ್ಲಿಟ್ಟಳು. ಆಮೇಲೆ ಬಲಗೈಯನ್ನು ಕಾಗದದ ಮೇಲೆ ಊರಿದಳು.

“ಇಟ್ಟ್ ಹೋಯ್ನಿ,” ಎಂದರು ಸಾಹೇಬರು.

“ಸೀಲ್ ಹಾಕಿ ಕೊಡಿ. ಹೋತೆ.”

“ಎಂತ ಇದ್? ಕರ್ತವ್ಯಲೋಪ ಅಂದ್ ಬರೂಕ್ ಆತ್ತ್, ಗೊತ್ತಿತ್ತಾ?”

“ಇದ್ ಊಟದ್ ಹೊತ್ತ್ ಸರ್. ಈ ಅರ್ಧ ಗಂಟಿ ನಂದ್.”

ಬಾಗಿಲಲ್ಲಿ ಪ್ರಭಾವತಿ ಇಣುಕಿದಳು. “ಸರಸಕ್ಕ, ಬನ್ನಿ ಮರ್ರೆ, ಎಂತಕ್ಕೆ ಸುಮ್ನೆ...” ಎಂದವಳು ಸರಸಳ ಮುಖ ಕಂಡು ಹಿಂದೆ ಸರಿದಳು.

ಎರಡಕ್ಕೆ ಸರಿಯಾಗಿ ಸರಸ ಕಾಗದ, ಸೀಲು ಎತ್ತಿಕೊಂಡು ಹೊರಬಂದಳು. ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದಳು. ಮರುದಿನ ಒಂದೂವರೆಗೆ ಮತ್ತೆ ಹೋದಳು. ಅದರ ಮರುದಿನವೂ. ಬೆಳಿಗ್ಗೆ ಊದುಬತ್ತಿ ಹಚ್ಚುವುದನ್ನು ನಿಲ್ಲಿಸಿದಳು. ಕಾರಣ ಕೇಳುವ ನೋಟಿಸು ಒಂದು ಬಂತು. ಅದನ್ನು ಆವಕ ವಹಿಯಲ್ಲಿ ಬರೆದು, ಸೀಲು ಹೊಡೆದು, ಕಡತಕ್ಕೆ ಸೇರಿಸಿದಳು.

ಹನ್ನೊಂದನೇ ದಿನ ಸಾಹೇಬರು ಅವಳನ್ನು ಕಾಣದವರಂತೆ ಬುತ್ತಿ ಬಿಚ್ಚಿದರು. ಹುರಿದ ಅಂಜಲಿನ ವಾಸನೆ ಕೋಣೆ ತುಂಬಿತು. ಅವರು ಮುಳ್ಳು ಬಿಡಿಸಿ ಬಿಡಿಸಿ ತಿನ್ನತೊಡಗಿದರು. ಸೀಲು ಅವರ ಎಡಗೈಗೆ ಒಂದು ಗೇಣು ದೂರದಲ್ಲಿತ್ತು. ಅವರು ಮುಟ್ಟಲಿಲ್ಲ. ಅವಳು ಕೈ ತೆಗೆಯಲಿಲ್ಲ.

ಗಡುವಿಗೆ ಇನ್ನು ಎಪ್ಪತ್ತೇಳು ದಿನ.