ಗೋಡೆಯಾಚೆಯ ನಡುಕ

ಆ ಸಂಶೋಧನಾ ಕೇಂದ್ರದ ಕಟ್ಟಡ ಎಷ್ಟು ಉದ್ದವೆಂದರೆ, ಬೆಳಿಗ್ಗೆ ಒಂದು ತುದಿಯಲ್ಲಿ ಯಾರಾದರೂ ಸೀನಿದರೆ ಇನ್ನೊಂದು ತುದಿಯವರು ಮಧ್ಯಾಹ್ನ ಊಟದ ಹೊತ್ತಿಗೆ 'ಯಾರಿಗಪ್ಪಾ ನೆಗಡಿ' ಎಂದು ಕೇಳುತ್ತಿದ್ದರು. ಅಷ್ಟುದ್ದದ ಕಟ್ಟಡದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಅಂಟು ಪ್ರಯೋಗಾಲಯವನ್ನೂ ಕಂಪನ ಪ್ರಯೋಗಾಲಯವನ್ನೂ ಒಂದೇ ಗೋಡೆಯ ಆಚೀಚೆ ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅಂಟಿನ ಮುಖ್ಯಸ್ಥರು ಭಾವ, ಕಂಪನದ ಮುಖ್ಯಸ್ಥೆ ಅವರ ಹೆಂಡತಿಯ ಸ್ವಂತ ತಂಗಿ. ಮನೆಯಲ್ಲಿ ಹಾಲು ಸಕ್ಕರೆ, ಆಫೀಸಿನಲ್ಲಿ ಹಾವು ಮುಂಗುಸಿ.

ಲಾರಿಯಲ್ಲಿ ಹೋಗುವ ಸಾಮಾನು ದಾರಿಯಲ್ಲಿ ಒಡೆಯುತ್ತದೋ ಇಲ್ಲವೋ ಎಂದು ಮೊದಲೇ ತಿಳಿದುಕೊಳ್ಳುವುದು ನಾದಿನಿಯ ಕೆಲಸ. ಅದಕ್ಕೆ ಅವಳ ಬಳಿ ಅಲುಗಾಡುವ ಒಂದು ಕಬ್ಬಿಣದ ಮೇಜಿತ್ತು. ಅದನ್ನು ಶುರು ಮಾಡಿದರೆ ಹಿಂದಿನ ಬೀದಿಯ ಮುದುಕರ ಕಟ್ಟಿಸಿದ ಹಲ್ಲುಗಳು ಡಬ್ಬಿಯೊಳಗೇ ಹರಟೆಗೆ ಕೂರುತ್ತಿದ್ದವು. ಆಚೆಯಿಂದ ಭಾವ ಗೋಡೆ ಗುದ್ದುತ್ತಿದ್ದರು. ಇವಳು ಮೇಜಿನ ವೇಗ ಇನ್ನೊಂದಿಷ್ಟು ಏರಿಸುತ್ತಿದ್ದಳು.

ಇನ್ನು ಭಾವನ ಅಂಟು! ಅದರಿಂದ ಚಂದ್ರನನ್ನು ಆಕಾಶಕ್ಕೆ ಅಂಟಿಸಿದ್ದರೆ ಲೋಕದಲ್ಲಿ ಅಮಾವಾಸ್ಯೆಯೇ ಆಗುತ್ತಿರಲಿಲ್ಲ. ಒಂದೇ ತೊಡಕೆಂದರೆ, ಅದೇ ಪಾಕವಿಧಾನ ಹಿಡಿದು ಬೇರೆ ಊರಿನ ಪ್ರಯೋಗಾಲಯದವರು ಮಾಡಿದರೆ ಅದು ಅಂಚೆ ಚೀಟಿಗೂ ಸಾಲದು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರ ಕೈಯಲ್ಲಾಗಲ್ಲ, ನನ್ನ ಪಾಕ ತಪ್ಪು ಅಂತಾರೆ" ಎಂದು ಭಾವ ನಗುತ್ತಿದ್ದರು.

ಈ ಸಲ ನಗುವ ಹಾಗಿರಲಿಲ್ಲ. ಐದು ವರ್ಷಕ್ಕೊಮ್ಮೆ ಬರುವ ಮೌಲ್ಯಮಾಪನ ಸಮಿತಿ ಬರುವುದಿತ್ತು. 'ಇಲ್ಲಿ ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಸಂಬಂಧವಿಲ್ಲ' ಎಂದು ಹಿಂದಿನ ಸಮಿತಿ ಛೀಮಾರಿ ಹಾಕಿ ಹೋಗಿತ್ತು. ಅನುದಾನ ಕಡಿತವಾಗಿ, ಪಕ್ಕಪಕ್ಕದ ಈ ಎರಡರಲ್ಲಿ ಒಂದಕ್ಕೆ ಬೀಗ ಬೀಳುವುದು ಖಚಿತವಾಗಿತ್ತು. ಯಾವುದಕ್ಕೆ ಎನ್ನುವುದು ಕಾರಿಡಾರಿನ ಹೂಕುಂಡಗಳಿಗೂ ಗೊತ್ತಿತ್ತು. ಅಂಟಿಗೆ ಹೆಸರಿತ್ತು, ಕಂಪನಕ್ಕೆ ಬರೀ ದೂರುಗಳಿದ್ದವು.

ಸಮಿತಿ ಬರುವ ಹಿಂದಿನ ದಿನ ನಿರ್ದೇಶಕರು ಅವಳ ಬಾಗಿಲಿಗೆ ಬಂದರು. "ನೋಡಮ್ಮಾ, ಅವರು ಹೋಗೋವರೆಗೂ ನಿನ್ನ ಭೂಕಂಪ ನಿಲ್ಲಿಸಿಬಿಡು."

"ನಿಲ್ಲಿಸಿದ ಮೇಲೆ ಅವರಿಗೆ ತೋರಿಸೋದೇನು ಸರ್, ನನ್ನ ಮುಖಾನಾ?"

"ಅದಾದ್ರೂ ಅಲುಗಾಡಲ್ಲವಲ್ಲ."

ಅವಳು ಗುಂಡಿ ಒತ್ತಿದಳು. ಕಟ್ಟಡ ಹುಟ್ಟಿದಾರಭ್ಯ ಕಾಣದಂಥ ಮೌನ ಆವರಿಸಿತು. ಗೋಡೆಯೊಳಗಿನ ಗೆದ್ದಲು ಕೂಡ ಗಾಬರಿಯಾಗಿ ಮೇಯುವುದನ್ನು ಬಿಟ್ಟವಂತೆ.

ಮರುದಿನ ಸಮಿತಿ ಬಂತು. ಅಧ್ಯಕ್ಷೆ ಬಿಳಿ ಕೂದಲಿನ, ಹದ್ದಿನ ಕಣ್ಣಿನ ಹೆಂಗಸು. ಅವರು ಒಮ್ಮೆ ದಿಟ್ಟಿಸಿದರೆ ಸುಳ್ಳು ಅಂಕಿಗಳು ಕಾಗದ ಬಿಟ್ಟು ಓಡಿಹೋಗುತ್ತವೆ ಎಂಬ ಪ್ರತೀತಿ ಇತ್ತು. ಭಾವ ತಮ್ಮ ಮಾಮೂಲಿ ಆಟ ಹೂಡಿದ್ದರು. ಬೆಳಿಗ್ಗೆ ಎರಡು ಉಕ್ಕಿನ ಪಟ್ಟಿಗಳನ್ನು ಅಂಟಿಸಿ, ಸೂರಿನ ಕೊಕ್ಕೆಗೆ ಸಿಕ್ಕಿಸಿ, ಕೆಳಗೊಂದು ಹಲಗೆ ಕಟ್ಟಿ ಉಯ್ಯಾಲೆ ಮಾಡಿದ್ದರು. ಬಂದವರೆದುರು ಅದರ ಮೇಲೆ ತಾವೇ ಕುಳಿತು ಜೀಕುವುದು ಅವರ ಪದ್ಧತಿ. ಭಾವನ ಗಾತ್ರವೂ ಕಡಿಮೆಯದಲ್ಲ. ಅವರು ತೂಕದ ಯಂತ್ರ ಹತ್ತಿದರೆ ಮುಳ್ಳು ಒಂದು ಸುತ್ತು ಹೊಡೆದು ಮತ್ತೆ ಸೊನ್ನೆಗೇ ಬಂದು ದಣಿವಾರಿಸಿಕೊಳ್ಳುತ್ತಿತ್ತು.

"ಆನೆ ಕೂತರೂ ಜಗ್ಗಲ್ಲ ಮೇಡಂ" ಎಂದು ಕುಳಿತರು.

ಆನೆಯವರೆಗೆ ಹೋಗಬೇಕಾಗಲಿಲ್ಲ. ಟಕ್ ಎಂದಿತು. ಭಾವ ನೆಲ ಸೇರಿದರು. ಆ ಸದ್ದಿನ ಮುಂದೆ ನಾದಿನಿಯ ಮೇಜು ಜೋಗುಳ.

ಸಮಿತಿಯವರ ಹಿಂದೆ ನಿಂತು ನೋಡುತ್ತಿದ್ದ ನಾದಿನಿಗೆ ಒಳಗೊಳಗೇ ನಗು ಉಕ್ಕಿತು. ಸುಮ್ಮನಿದ್ದರೆ ಸಾಕು, ಬೀಗ ಆಚೆ ಕೋಣೆಗೆ ಬೀಳುತ್ತದೆ. ಆದರೆ ಕಿತ್ತುಬಂದ ಪಟ್ಟಿ ಜಾರಿಕೊಂಡು ಅವಳ ಕಾಲ ಬಳಿಯೇ ಬಂದು ನಿಂತಿತ್ತು. ಎತ್ತಿ ನೋಡಿದಳು. ಅಂಟಿನ ತುಂಬ ಸಾಸಿವೆಗಿಂತ ಸಣ್ಣ ತೂತುಗಳು. ಗಾಳಿಗುಳ್ಳೆಗಳು. ಅವಳ ಮೇಜಿನ ಮೇಲೆ ಬಣ್ಣದ ಡಬ್ಬಿ ಇಟ್ಟರೆ ಗುಳ್ಳೆಗಳೆಲ್ಲ ಮೇಲೆದ್ದು ಒಡೆದುಹೋಗುವುದನ್ನು ಅವಳು ದಿನಾ ನೋಡಿದವಳು. ನಿನ್ನೆಯಿಂದ ಮೇಜು ನಿಂತಿತ್ತು. ಬೇರೆ ಊರಿನ ಪ್ರಯೋಗಾಲಯಗಳಲ್ಲಂತೂ ಅಂಥ ಮೇಜೇ ಇರಲಿಲ್ಲ.

ನೆಲದ ಮೇಲಿದ್ದ ಭಾವನ ಮುಖ ನೋಡಿದಳು. ಪರೀಕ್ಷೆಯಲ್ಲಿ ಹೆಸರೇ ಮರೆತ ಹುಡುಗನ ಮುಖ. ಬಾಯಿ ತಡೆಯಲಿಲ್ಲ.

"ಭಾವ, ಇನ್ನೆರಡು ಜೊತೆ ಅಂಟಿಸಿ. ಒಂದು ಜೊತೆ ಕಾರಿಡಾರಿನ ಆ ತುದಿ ಕೋಣೇಲಿಡಿ. ಇನ್ನೊಂದು ನಮ್ಮ ಗೋಡೆಗೆ ಒರಗಿಸಿ. ನಾನು ಮೇಜು ಹಾಕ್ತೀನಿ."

"ಬಿದ್ದವನ ಮೇಲೆ ಇನ್ನೊಂದು ಕಲ್ಲು ಹಾಕ್ತೀಯಾ?"

"ಕಲ್ಲಲ್ಲ ಭಾವ, ಕೈ ಕೊಡ್ತಿದೀನಿ. ಏಳಿ."

ನಿರ್ದೇಶಕರು ಸನ್ನೆಯಲ್ಲೇ ಬೇಡ ಬೇಡ ಎಂದರು. ಅಧ್ಯಕ್ಷೆ ಕುರ್ಚಿ ಎಳೆದುಕೊಂಡು, "ನಂಗೇನೂ ಅವಸರವಿಲ್ಲ. ಚಹಾ ತರಿಸಿ" ಎಂದರು.

ಅಂಟು ಗಟ್ಟಿಯಾಗುವವರೆಗೆ ಮೇಜು ಗುಡುಗಿತು. ಕಪ್ಪುಗಳು ಬಸಿಯ ಮೇಲೆ ಕುಣಿದವು, ಸಮಿತಿಯವರ ಕನ್ನಡಕಗಳು ಮೂಗಿನ ತುದಿಗೆ ಜಾರಿದವು. ಆಮೇಲೆ ದೂರದ ಕೋಣೆಯ ಪಟ್ಟಿ ಮೊದಲು ಕೊಕ್ಕೆಗೇರಿತು. ಭಾವ ಈ ಸಲ ಒಂದು ಕಾಲು ನೆಲದಲ್ಲೇ ಇಟ್ಟು ಕುಳಿತರು. ಟಕ್. ಇನ್ನು ಗೋಡೆ ಬದಿಯದು. ಭಾವ ಕುಳಿತರು. ಎರಡೂ ಕಾಲೆತ್ತಿದರು. ಜೀಕಿದರು. ನಿರ್ದೇಶಕರೂ ಹೋಗಿ ಪಕ್ಕದಲ್ಲಿ ಕುಳಿತರು, ಕುಳಿತವರು ಇಳಿಯಲೊಲ್ಲರು. ಸೂರು ಕಿರುಗುಟ್ಟಿತೇ ಹೊರತು ಅಂಟು ಮಿಸುಕಲಿಲ್ಲ.

"ನೆಲ ಡೊಂಕಿರಲಿಲ್ಲ ಭಾವ," ನಾದಿನಿ ಮೆಲ್ಲಗೆ ಹೇಳಿದಳು, "ನಡುಗ್ತಾ ಇತ್ತು."

ಅಧ್ಯಕ್ಷೆ ಕನ್ನಡಕ ಮೇಲೇರಿಸಿಕೊಂಡರು. "ನಿಮ್ಮಲ್ಲಿ ಜೊತೆಗೂಡಿ ಕೆಲಸ ಮಾಡೋರಿಲ್ಲ ಅಂತ ಹಿಂದಿನವರು ಬರೆದಿದ್ದಾರೆ. ಇಷ್ಟು ವರ್ಷದಿಂದ ಜೊತೆಗೇ ಮಾಡಿದೀರಿ, ನಿಮಗೇ ಗೊತ್ತಿರಲಿಲ್ಲ ಅಷ್ಟೆ. ಯಾವ ಕೋಣೇನೂ ಮುಚ್ಚೋದು ಬೇಡ. ಎರಡಕ್ಕೂ ಸೇರಿಸಿ ಒಂದೇ ಯೋಜನೆ ಬರೆದು ಕಳಿಸಿ, ಅನುದಾನಕ್ಕೆ ನಾನು ಶಿಫಾರಸು ಮಾಡ್ತೀನಿ. ಮುಂದಿನ ಸಲ ಬರೋದ್ರೊಳಗೆ ಈ ಗೋಡೆಗೊಂದು ಬಾಗಿಲು ಇಡಿಸಿ."

ನಾದಿನಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆ ಸಂಜೆ ಅವಳು ಮೇಜು ನಿಲ್ಲಿಸಿ, ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಆಚೆಯಿಂದ ಧಡ್ ಧಡ್ ಎಂದು ಗೋಡೆ ಗುದ್ದುವ ಸದ್ದು.

"ಇನ್ನೇನು ಭಾವ? ನಿಲ್ಲಿಸಿದೀನಲ್ಲ."

"ಅದಕ್ಕೇ ಗುದ್ದಿದ್ದು ತಾಯಿ. ಹೊಸ ಪಾಕ ಈಗ ತಾನೇ ಹಚ್ಚಿದೀನಿ. ಒಂದು ಚೂರು ನಡುಗಿಸಿ ಹೋಗು. ಮನೆಗೆ ತಡವಾಗುತ್ತೆ ಅಂತ ನಿಮ್ಮಕ್ಕನಿಗೆ ನಾನೇ ಫೋನ್ ಮಾಡ್ತೀನಿ."

ಅವಳು ಚೀಲ ಕೆಳಗಿಟ್ಟು ಗುಂಡಿ ಒತ್ತಿದಳು. ವೇಗವನ್ನು ಮಾತ್ರ, ಹಳೆಯ ರೂಢಿಯಂತೆ, ಇನ್ನೊಂದಿಷ್ಟು ಏರಿಸಿದಳು.